ಎಂಟು ದಿನದ ಖಾರ

ನಮ್ಮ ಕಡೆ ಆಗೆಲ್ಲ ಮಗು ಹುಟ್ಟಿದ ಸುದ್ದಿ ಕಿವಿಗಿಂತ ಮೊದಲು ಮೂಗಿಗೆ ಬರುತ್ತಿತ್ತು. ಯಾರದೋ ಹಿತ್ತಲಲ್ಲಿ ಕರಿಮೆಣಸು ಹುರಿಯುವ ಘಾಟು ಎದ್ದು ಬೀದಿಗೆ ಬಂದರೆ, ದಾರಿಯಲ್ಲಿ ಹೋಗುವವರು ಒಂದೆರಡು ಸಲ ಸೀನಿ, "ಓ, ಹೆರಿಗೆ ಆಯ್ತು" ಎಂದುಕೊಂಡು ಮುಂದೆ ಹೋಗುತ್ತಿದ್ದರು. ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಕೇಳಿ ತಿಳಿಯಬೇಕಾಗಿತ್ತು. ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನನಗೆ ಒಂಬತ್ತು ವರ್ಷ. ಹಳೇಬೀಡಿನಿಂದ ಬಸ್ತಿಹಳ್ಳಿ ದಾಟಿ ಸ್ವಲ್ಪ ಮುಂದೆ ಹೋದರೆ ನಮ್ಮ ಊರು. ರಾಗಿ ಹೊಲ, ಒಂದಿಷ್ಟು ಗದ್ದೆ, ಹಿತ್ತಲಿನಾಚೆ ತೆಂಗಿನ ಮರಗಳು, ಎರಡು ಜೊತೆ ಎತ್ತು. ಊಟಕ್ಕೆ ತೊಂದರೆಯಿಲ್ಲದ ಮನೆ.

ಈಗಿನವರಿಗೆ ಖಾರ ಎಂದರೆ ಒಂದು ರುಚಿ, ಇಲ್ಲವೇ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಕೆಂಪು ಪುಡಿ. ನಮಗೆ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಸಾರಿಗೆಂದು ಕಲ್ಲಿನ ಮೇಲೆ ಅರೆದದ್ದೆಲ್ಲ ಖಾರವೇ, ಅದರಲ್ಲಿ ತೆಂಗಿನಕಾಯಿ ಎಷ್ಟೇ ಹೆಚ್ಚಿರಲಿ, ಮೆಣಸಿನಕಾಯಿ ಎಷ್ಟೇ ಕಡಿಮೆಯಿರಲಿ. "ಖಾರ ಅರ್ದಾಯ್ತೇನೇ?" ಎಂದು ಪಕ್ಕದ ಮನೆಯವಳು ಕೇಳಿದರೆ ಅಡಿಗೆ ಎಲ್ಲಿಗೆ ಬಂತು ಎಂದು ಅರ್ಥ. ಎತ್ತು ಮೇವು ಬಿಟ್ಟು ನಿಂತರೆ ಬಿದಿರಿನ ಗೊಟ್ಟದಲ್ಲಿ ಅದರ ಗಂಟಲಿಗೆ ಇಳಿಸುತ್ತಿದ್ದ ಕಷಾಯವೂ ಖಾರ. ಅಪ್ಪ ಕೊಬ್ಬರಿ ಮಾರಲು ಅರಸೀಕೆರೆಗೆ ಹೋದಾಗ ರೈಲ್ವೆ ಸ್ಟೇಷನ್ ಹತ್ತಿರದ ಅಂಗಡಿಯಿಂದ ಕಾಗದದಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದ ಕರಿದ ತಿಂಡಿಯೂ ಖಾರ. ಮನೆಗೆ ಬರುವ ಹೊತ್ತಿಗೆ ಕಾಗದವೆಲ್ಲ ಎಣ್ಣೆಯಾಗಿರುತ್ತಿತ್ತು, ನಾವು ಆ ಕಾಗದವನ್ನೂ ಮೂಸಿ ನೋಡುತ್ತಿದ್ದೆವು. ಹುಡುಗಿಯರು ಸೇರಿ ಮಣ್ಣಿನ ಅಡಿಗೆ ಆಡುವಾಗ ಒಡೆದ ಹೆಂಚು ಕುಟ್ಟಿ ಮಾಡುತ್ತಿದ್ದ ಪುಡಿಗೂ ಅದೇ ಹೆಸರು. ಇನ್ನು ನನ್ನ ಅಜ್ಜಿಯ ಬಾಯಿಯ ಬಗ್ಗೆ ಊರಿನವರು ಆಡುತ್ತಿದ್ದುದೂ ಅದೇ ಮಾತು. ಅವಳ ಹೆಸರು ಪುಟ್ಟಮ್ಮ, ಆದರೆ ಸುತ್ತಲ ನಾಲ್ಕೈದು ಹಳ್ಳಿಗೆ ಅವಳು ಖಾರದಜ್ಜಿ.

ಆದರೆ ಹೆಂಗಸರು ಹಿಂದೆ ಮುಂದೆ ಏನೂ ಸೇರಿಸದೆ, ದನಿ ತಗ್ಗಿಸಿ, "ಖಾರ ಕೊಡ್ತಾವ್ರಾ?" ಎಂದು ಕೇಳಿದರೆ ಅದು ಬಾಣಂತಿಯ ಖಾರ. ಕರಿಮೆಣಸು, ಒಣಶುಂಠಿ, ಹಿಪ್ಪಲಿ, ಓಂಕಾಳು, ಬೆಳ್ಳುಳ್ಳಿ. ಹುರಿಯುವುದನ್ನು ಹುರಿದು, ನುಣ್ಣಗೆ ಅರೆದು, ಬೆಲ್ಲ ತುಪ್ಪ ಹಾಕಿ ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟುವುದು. ಹೆತ್ತವಳು ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ಉಂಡೆ ನುಂಗಬೇಕು. ಅಜ್ಜಿಯ ಖಾರಕ್ಕೆ ದೂರದ ಹಗರೆ ಊರಿನಿಂದಲೂ ಜನ ಬರುತ್ತಿದ್ದರು. ತಾನು ಖಾರ ಕೊಟ್ಟ ಯಾವ ಹೆಣ್ಣಿಗೂ ಸನ್ನಿ ಜ್ವರ ಬಂದಿಲ್ಲ ಎಂದು ಅಜ್ಜಿ ಹೇಳಿಕೊಳ್ಳುತ್ತಿದ್ದಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಬಾಣಂತಿಗೆ ಜ್ವರ ಬಂದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು ನೆಲ ನೋಡಲು ಶುರುಮಾಡುತ್ತಿದ್ದರು.

ಆ ಮಾಗಿಯಲ್ಲಿ ನನ್ನ ಅಕ್ಕ ನಂಜಮ್ಮ ಚೊಚ್ಚಲ ಹೆರಿಗೆಗೆ ಗಂಡನ ಊರು ಗಂಡಸಿಯಿಂದ ಬಂದಳು. ಅವಳಿಗೆ ಹದಿನೇಳು. ಸಣ್ಣ ಜೀವ, ಮಾತು ಕಡಿಮೆ, ನಾಚಿಕೆ ಜಾಸ್ತಿ. ಗಂಡು ಮಗು ಸುಸೂತ್ರವಾಗಿ ಹುಟ್ಟಿತು, ನಮ್ಮ ಹಿತ್ತಲಿನ ಘಾಟು ಬೀದಿಗೆ ಹೋಯಿತು. ಹನ್ನೊಂದನೇ ದಿನಕ್ಕೆ ಪುರುಡು ಕಳೆಯುವವರೆಗೆ ಬಾಣಂತಿ ಕೋಣೆಗೆ ಹೋದ ದೊಡ್ಡವರು ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಬರುವಂತಿರಲಿಲ್ಲ. ಮಕ್ಕಳಿಗೆ ಆ ಕಟ್ಟುಪಾಡು ಇರಲಿಲ್ಲ. ಹಾಗಾಗಿ ಖಾರದ ಉಂಡೆಯನ್ನು ಬಾಳೆ ಎಲೆಯ ತುಂಡಿನಲ್ಲಿಟ್ಟು ಒಳಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು.

"ನಿಂತ್ಕೊಂಡು ನುಂಗುಸ್ಬೇಕು ಕಣೇ ಗೌರಿ. ಉಗುಳಕ್ಕೆ ಬಿಡ್ಬ್ಯಾಡ" ಎಂದಳು ಅಜ್ಜಿ.

"ಹೂಂ ಅಜ್ಜಿ."

"ಮೇಲೆ ನೀರು ಕೊಟ್ಟೀಯ, ಜೋಕೆ."

ಮೊದಲ ದಿನ ಅಕ್ಕ ನುಂಗಿದಳು. ನುಂಗಿ ಎರಡು ಕೈಯಲ್ಲೂ ಕತ್ತು ಹಿಡಿದುಕೊಂಡು ಒದ್ದಾಡಿಬಿಟ್ಟಳು. ಹೆತ್ತು ಸುಸ್ತಾದ ಮೈ, ಬಾಯಿ ಒಣಗಿ ತುಟಿ ಬಿರಿದಿತ್ತು, ಕೊಡುತ್ತಿದ್ದುದು ದಿನಕ್ಕೆ ಎರಡೋ ಮೂರೋ ಗುಟುಕು ಕಾದಾರಿದ ನೀರು. ಹೊರಗೆ ಅವರೆಕಾಯಿಯ ಕಾಲ, ಬಿಡಿಸಿದ ಸಿಪ್ಪೆಯ ಸೊಗಡು ಮನೆ ತುಂಬ ಓಡಾಡುತ್ತಿತ್ತು. ಅವಳಿಗೋ ಅನ್ನ, ತುಪ್ಪ, ಮೆಣಸಿನ ಸಾರು, ಮತ್ತೆ ನಾಳೆ ಇನ್ನೊಂದು ಉಂಡೆ. ಎರಡನೇ ದಿನ ನನ್ನ ಕೈಯಲ್ಲಿ ಎಲೆ ಕಂಡ ಕೂಡಲೇ ಅಳಲು ಶುರುಮಾಡಿದಳು.

"ನನ್ ಕೈಲಾಗಾಕಿಲ್ಲ ಕಣೇ ಗೌರಿ. ಎಲ್ಲಾದ್ರೂ ಬಿಸಾಕೇ."

ಬಿಸಾಡುವುದೆಲ್ಲಿ? ಕೋಣೆಗೆ ಇದ್ದದ್ದು ಒಂದೇ ಗವಾಕ್ಷಿ, ಅದರ ಹೊರಗೆ ಅಜ್ಜಿಯ ಅರೆಯುವ ಕಲ್ಲು. ಕೊಟ್ಟಿಗೆಯಲ್ಲಿ ಹೂತರೂ, ತಿಪ್ಪೆಗೆ ಹಾಕಿದರೂ ಅವಳ ಮೂಗಿಗೆ ತಿಳಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ಎಷ್ಟು ಉಕ್ಕಿತೆಂದು ಹೇಳುತ್ತಿದ್ದ ಮೂಗು ಅದು. ಆ ಮೂಗಿಗೆ ಸಿಗದ ಜಾಗ ಇಡೀ ಮನೆಯಲ್ಲಿ ಒಂದೇ ಇತ್ತು, ನನ್ನ ಹೊಟ್ಟೆ. ನಾನೇ ತಿಂದುಬಿಟ್ಟೆ.

ಅಯ್ಯೋ, ಆ ಉರಿ! ನಾಲಿಗೆ, ಗಂಟಲು, ಎದೆ ಎಲ್ಲ ದಾಟಿ ಕಿವಿಯೊಳಗೆ ಬಂತು. ಅಕ್ಕ ಗಾಬರಿಯಾಗಿ ನನ್ನ ಬೆನ್ನು ನೀವಿದಳು. ಆಮೇಲೆ ನನ್ನ ಮುಖ ನೋಡಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಹೆತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಕ್ಕು ಮುಗಿಸಿ ನನ್ನ ಕೈಯನ್ನು ಮಗುವಿನ ತಲೆಯ ಮೇಲಿಟ್ಟಳು.

"ಯಾರ್ಗೂ ಹೇಳಾಕಿಲ್ಲ ಅಂತ ಆಣೆ ಮಾಡು."

"ಮಗೀನ್ ಆಣೆ, ಯಾರ್ಗೂ ಹೇಳಾಕಿಲ್ಲ" ಎಂದೆ. ಆಣೆ ಮುರಿದರೆ ಯಾರ ತಲೆ ಮುಟ್ಟಿದ್ದೇವೋ ಅವರ ಜೀವಕ್ಕೆ ಕುತ್ತು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂದಿನಿಂದ ದಿನಾ ನಾನೇ ತಿಂದೆ. ತಿಂದು, ಹಿತ್ತಲಿಗೆ ಓಡಿ, ಬಾನಿಯಲ್ಲಿ ದನಕ್ಕಿಟ್ಟ ನೀರನ್ನೂ ಬಿಡದೆ ಕುಡಿದೆ. ಬಾಯಿ ವಾಸನೆ ಬರುತ್ತಿದೆಯಲ್ಲೇ ಎಂದು ಅಜ್ಜಿ ಕೇಳಿದರೆ, "ಎಲೆ ನೆಕ್ಕಿದೆ" ಎಂದೆ, ಅದಕ್ಕೆ ಅನುಮತಿಯಿತ್ತು. ಮೂರನೇ ದಿನ ನಾಲಿಗೆ ದಪ್ಪವಾದಂತೆ ಅನಿಸಿ, ನಮ್ಮ ಮನೆಯಲ್ಲಿ ಕನ್ನಡಿ ಇದ್ದದ್ದು ಅಪ್ಪನ ಪೆಟ್ಟಿಗೆಯೊಳಗಾದ್ದರಿಂದ, ಬಸ್ತಿಹಳ್ಳಿಗೆ ಓಡಿದೆ. ಅಲ್ಲಿಯ ಬಸದಿಯ ಕರಿಕಲ್ಲಿನ ಕಂಬಗಳು ಮುಖ ಕಾಣುವಷ್ಟು ನುಣುಪು. ಕಂಬದ ಮುಂದೆ ನಿಂತು ನಾಲಿಗೆ ಚಾಚಿದೆ. ಪೂಜೆಯವರು ಹಿಂದಿನಿಂದ ಬಂದು, "ಏನಮ್ಮಾ, ದೇವರನ್ನೇ ಅಣಕಿಸ್ತೀಯಾ?" ಎಂದು ಗದರಿದರು. ನಾಲಿಗೆಯ ಸಂಗತಿ ಕಲ್ಲಿನಲ್ಲಿ ಸರಿಯಾಗಿ ಕಾಣಲೂ ಇಲ್ಲ. ಬೆಳಿಗ್ಗೆ ಚೊಂಬು ಹಿಡಿದು ಹೊಲದ ಕಡೆ ಹೋದಾಗ ಪಟ್ಟ ಪಾಡನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಐದನೇ ದಿನದ ಹೊತ್ತಿಗೆ ಅದು ನನಗೆ ಒಗ್ಗಿಹೋಯಿತು. ಉರಿ ಇಳಿದ ಮೇಲೆ ಹೊಟ್ಟೆಯೊಳಗೆ ಒಂದು ಬೆಚ್ಚನೆ ಹಿತ ಉಳಿಯುತ್ತಿತ್ತು. ಆ ಮಾಗಿಯ ಚಳಿಯಲ್ಲಿ ಊರಿನ ಮಕ್ಕಳೆಲ್ಲ ಕಂಬಳಿ ಹೊದ್ದು ಬಿಸಿಲು ಹುಡುಕುತ್ತಿದ್ದರೆ ನಾನು ಬರೀ ಲಂಗದಲ್ಲಿ ಕುಂಟಬಿಲ್ಲೆ ಆಡುತ್ತಿದ್ದೆ. ಅವ್ವ ನನ್ನ ಕೆನ್ನೆ ಹಿಂಡಿ, "ಬಾಣಂತಿಗಿಂತ ಇವ್ಳೇ ಮೈ ತುಂಬ್ಕೊಂಡವ್ಳೆ ನೋಡ್ರೀ ಅತ್ತೆ" ಎಂದಳು. ಅಜ್ಜಿ ನನ್ನ ಕಡೆ ಒಮ್ಮೆ ನೋಡಿ ಮತ್ತೆ ಅರೆಯತೊಡಗಿದಳು. ನನಗೆ ನನ್ನ ಜಾಣತನದ ಮೇಲೆ ಬಹಳ ಹೆಮ್ಮೆಯಾಗಿತ್ತು.

ಎಂಟನೇ ದಿನ ಸಂಜೆ ಅಕ್ಕನಿಗೆ ನಡುಕ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಆಮೇಲೆ ಮೈ ಕಾದುಹೋಯಿತು. ಒಂಬತ್ತನೇ ದಿನಕ್ಕೆ ಇರಬೇಕಾಗಿದ್ದ ಬಾಣಂತಿಗೆ ನೀರೆರೆಯುವ ಶಾಸ್ತ್ರವನ್ನು ನಿಲ್ಲಿಸಿದರು. ಅಪ್ಪ ಹಿತ್ತಲಿಗೆ ಬಂದು ಅಜ್ಜಿಯ ಮುಂದೆ ನಿಂತರು. ನಮ್ಮ ಅಪ್ಪ ಊರಿನ ಪಂಚಾಯಿತಿಯಲ್ಲಿ ಗಟ್ಟಿ ಮಾತಾಡುವ ಗಂಡಸು. ತಾಯಿಯ ಮುಂದೆ ಮಾತ್ರ ಅವರ ದನಿ ಅರ್ಧವಾಗುತ್ತಿತ್ತು.

"ಅವ್ವಾ, ಬೇಲೂರ್ಗೆ ಹೋಗಿ ಡಾಕ್ಟ್ರನ್ನ ಕರ್ಕೊಂಡು ಬತ್ತೀನಿ."

"ಯಾಕ್ಲಾ? ಎಂಟು ದಿನ ಖಾರ ಹೋಗೈತೆ ಹೊಟ್ಟೆಗೆ. ಬೇರಿಗೇ ಹೋಗೈತೆ. ಇವತ್ತು ಏರಿದ್ದು ನಾಳೆ ಇಳೀತೈತೆ."

"ಮೈ ಸುಡ್ತಾ ಐತಲ್ಲವ್ವ."

"ಸುಡ್ಲಿ. ಸುಟ್ಟೇ ಹೋಗ್ಬೇಕು ಅದು. ನನ್ ಖಾರ ತಿಂದೋಳ್ಗೆ ಸನ್ನಿ ಬರಾಕಿಲ್ಲ. ಡಾಕ್ಟ್ರು ಬಂದು ಏನ್ ಮಾಡ್ತಾನೆ? ಬಾಣಂತಿ ಕ್ವಾಣೆಗೆ ಗಂಡಸ್ನ ಬಿಟ್ಕೊಂಡ್ರು ಅನ್ನಿಸ್ಕೊಬೇಕಾ?"

ಅಪ್ಪ ಹಿಂದಕ್ಕೆ ಹೋದರು. ಅಜ್ಜಿ ಹಟಕ್ಕೆ ಹೇಳಿದ ಮಾತಲ್ಲ ಅದು. ಅವಳಿಗೆ ನಿಜವಾಗಿಯೂ ಭಯವಿರಲಿಲ್ಲ. ಏಳು ಉಂಡೆ ನನ್ನ ಹೊಟ್ಟೆಯಲ್ಲಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ ಅಷ್ಟೆ. ನಾನು ಕಣಜದ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಹೇಳಿದರೆ ಮಗು ಹೋಗುತ್ತದೆ, ಹೇಳದಿದ್ದರೆ ಅಕ್ಕ ಹೋಗುತ್ತಾಳೆ. ಒಂಬತ್ತು ವರ್ಷದ ತಲೆಯಲ್ಲಿ ಈ ಎರಡನ್ನು ಬಿಟ್ಟು ಮೂರನೆಯದೊಂದು ದಾರಿ ಹೊಳೆಯಲಿಲ್ಲ. ಒಂಬತ್ತನೇ ದಿನ ಬೆಳಗಿನ ಉಂಡೆಯೊಂದನ್ನು ಬಿಟ್ಟರೆ ನಾನು ಏನೂ ತಿನ್ನಲಿಲ್ಲ, ಯಾರೂ ಗಮನಿಸಲೂ ಇಲ್ಲ.

ಹತ್ತನೇ ದಿನ ಬೆಳಿಗ್ಗೆ ಜ್ವರ ಇಳಿದಿರಲಿಲ್ಲ. ಅಜ್ಜಿ ಒಂದರ ಬದಲು ಎರಡು ಉಂಡೆ ಕಟ್ಟಿ ಎಲೆಯಲ್ಲಿಟ್ಟಳು. ಒಳಗೆ ಹೋದರೆ ಅಕ್ಕ ಅರೆಗಣ್ಣು ಮುಚ್ಚಿ ಮಲಗಿದ್ದಳು. ಮಗು ಪಕ್ಕದಲ್ಲಿ ಅಳುತ್ತಿತ್ತು, ಅದನ್ನು ಹತ್ತಿರಕ್ಕೆ ಎಳೆದುಕೊಳ್ಳಲೂ ಅವಳಿಂದ ಆಗುತ್ತಿರಲಿಲ್ಲ. ನನ್ನನ್ನು ನೋಡಿ ತಾನಾಗಿಯೇ ಕೈ ಚಾಚಿದಳು.

"ಕೊಡೇ, ತಿಂತೀನಿ."

ಬಾಯಿಗೆ ಹಾಕಿಕೊಂಡಳು, ಹಾಕಿಕೊಂಡ ಹಾಗೆಯೇ ಎಲ್ಲ ವಾಂತಿಯಾಯಿತು. ನಾನು ಅವಳ ಸೆರಗಿನಿಂದಲೇ ಬಾಯಿ ಒರೆಸಿದೆ. ಕಣ್ಣು ತೆರೆಯದೆ ಕೇಳಿದಳು, "ಎಂಟು ದಿನದ್ದು ಒಂದೇ ದಿನ ತಿಂದ್ರೆ ಆಯ್ತದೇನೇ ಗೌರಿ?"

ಅದನ್ನು ಕೇಳಿದ ಮೇಲೆ ನನ್ನಿಂದ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಓಡಿದೆ. ಅಜ್ಜಿ ಕಲ್ಲು ತೊಳೆಯುತ್ತಿದ್ದಳು.

"ಅಜ್ಜೀ, ಅಕ್ಕ ಖಾರ ತಿಂದಿಲ್ಲ. ನಾನೇ ತಿಂದೆ. ಮೊದಲ್ನೆ ದಿನದ್ದು ಒಂದ್ ಬಿಟ್ಟು ಎಲ್ಲಾ ನಾನೇ ತಿಂದೆ."

ಅಜ್ಜಿಯ ಕೈ ನಿಂತಿತು. "ಯಾಕ್ ಹೇಳ್ಲಿಲ್ಲ?"

"ಮಗೀನ್ ತಲೆ ಮುಟ್ಟಿ ಆಣೆ ಮಾಡಿದ್ದೆ. ಈಗ ಹೇಳ್ಬುಟ್ಟೆ. ಈಗ ಮಗು ಸತ್ತೋಯ್ತದೆ" ಎಂದು ಗೋಳೋ ಎಂದು ಅತ್ತೆ.

ಏಟು ಬೀಳುತ್ತದೆ ಎಂದುಕೊಂಡಿದ್ದೆ. ಅಜ್ಜಿ ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಎಣ್ಣೆ ಕಾಣದ ಬಿಳಿ ಕೂದಲು, ಅದರ ಕೆಳಗೆ ಬೆಚ್ಚನೆಯ ನೆತ್ತಿ.

"ಆಣೆ ನನ್ ತಲೆಗೆ ಬಂತು. ಮಗೀಗೇನೂ ಇಲ್ಲ. ಅಳ್ಬ್ಯಾಡ."

ಎದ್ದು ನಿಂತವಳೇ ಸೀರೆ ಮೇಲಕ್ಕೆ ಸಿಕ್ಕಿಸಿ, ಮುಂಬಾಗಿಲಿಗೆ ಹೋಗಿ ಕೂಗಿದಳು. "ಲೋ, ಗಾಡಿ ಕಟ್ಲಾ! ಬೇಲೂರ್ಗೆ ಹೋಗು. ಡಾಕ್ಟ್ರು ಎಂಗಿದ್ರೆ ಅಂಗೇ ಕರ್ಕೊಂಡ್ ಬಾ."

ಅಪ್ಪ ಕೊಟ್ಟಿಗೆಯಿಂದ ಬಂದರು. ಎದುರು ಜಗುಲಿಯಲ್ಲಿ ಹೆಂಗಸರು ನಾಲ್ಕು ಜನ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅವರಲ್ಲಿ ಇಬ್ಬರು ಅಜ್ಜಿಯ ಖಾರ ತಿಂದವರು. ಅಜ್ಜಿ ಅವರಿಗೂ ಕೇಳುವ ಹಾಗೆಯೇ ಹೇಳಿದಳು.

"ನಿನ್ನೆ ಮೊನ್ನೇನೇ ಕಳಿಸ್ಬೇಕಾಗಿತ್ತು ಕಣ್ಲಾ. ನಾನೇ ತಡೆದೆ. ತಪ್ಪು ನಂದೇ."

ನನ್ನ ಹೆಸರು ಎತ್ತಲಿಲ್ಲ. ಅಂದೂ ಎತ್ತಲಿಲ್ಲ, ಮುಂದೆ ಬದುಕಿರುವವರೆಗೂ ಎತ್ತಲಿಲ್ಲ. ಗಾಡಿ ಊರು ದಾಟುತ್ತಿದ್ದ ಹಾಗೆಯೇ ಪುರುಡು ಮೈಲಿಗೆ ಒಂದನ್ನೂ ನೋಡದೆ ಬಾಣಂತಿ ಕೋಣೆಗೆ ನುಗ್ಗಿದಳು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾದಾರಿದ ನೀರನ್ನು ಲೋಟಗಟ್ಟಲೆ ಕುಡಿಸಿದಳು. ಅಕ್ಕ ಕುಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಬಂದರು. ಚಿಕ್ಕ ವಯಸ್ಸಿನವರು, ಕೋಟಿನ ತುಂಬ ಗಾಡಿಯ ಧೂಳು. ನೋಡಿದ ಕೂಡಲೇ ಅವರಿಗೆ ತಿಳಿಯಿತು. ಸನ್ನಿಯಲ್ಲ, ಅಕ್ಕನ ಎಡ ಎದೆಯಲ್ಲಿ ಹಾಲು ಕಟ್ಟಿ ಕೀವಾಗಿತ್ತು. ನಾಲ್ಕು ದಿನದಿಂದ ನೋವು ತಿನ್ನುತ್ತಿದ್ದಳಂತೆ. ಯಾರಿಗೆ ಹೇಳುವುದು, ಹೇಗೆ ಹೇಳುವುದು ಎಂದು ನಾಚಿಕೊಂಡು ಸೆರಗು ಬಿಗಿಯಾಗಿ ಹೊದ್ದು ಮಲಗಿದ್ದಳು. ಡಾಕ್ಟರು ನೀರು ಕಾಯಿಸಿ ತರಲು ಹೇಳಿ, ಕೊಯ್ದು ಕೀವು ತೆಗೆದರು. ಅಜ್ಜಿ ಅವಳ ಎರಡೂ ಕೈ ಹಿಡಿದು ಕೂತಿದ್ದಳು. ಹೊರಗೆ ಬಂದು ಕೈ ತೊಳೆಯುವಾಗ ಡಾಕ್ಟರು, "ಇನ್ನೊಂದೆರಡು ದಿನ ಬಿಟ್ಟಿದ್ರೆ ಉಳಿಸೋದು ಕಷ್ಟ ಆಗ್ತಿತ್ತು" ಎಂದರು.

ಅಜ್ಜಿ ಚೊಂಬಿನಿಂದ ನೀರು ಹಾಕುತ್ತಿದ್ದಳು. "ಸ್ವಾಮಿ, ಒಂದ್ ಮಾತು. ದಿನಾ ಖಾರ ತಿಂದಿದ್ರೆ ಇದು ಬತ್ತಿರ್ಲಿಲ್ಲ, ಅಲ್ವರಾ?"

ಡಾಕ್ಟರು ಅವಳ ಮುಖ ನೋಡಿದರು. "ತಿಂದಿದ್ರೂ ಬರ್ತಿತ್ತಮ್ಮ. ಖಾರದ್ದು ತಪ್ಪೇನಿಲ್ಲ. ಆದರೆ ಇಂಥದ್ದಕ್ಕೆ ಖಾರ ಅಲ್ಲ ಮದ್ದು."

ಅಜ್ಜಿ ತಲೆಯಾಡಿಸಿ ಚೊಂಬು ಕೆಳಗಿಟ್ಟಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಆ ಮಾತಿನ ಪೂರ್ತಿ ಅರ್ಥ ನನಗೆ ಆದದ್ದು ದೊಡ್ಡವಳಾದ ಮೇಲೆ. ಅಜ್ಜಿ ಹೇಳಿದ ಹಾಗೆ ಅಕ್ಕ ದಿನಾ ಖಾರ ತಿಂದಿದ್ದರೂ ಜ್ವರ ಬರುತ್ತಿತ್ತು. ಅಜ್ಜಿ ತನ್ನ ಖಾರವನ್ನು ನಂಬಿಕೊಂಡು ನಾಳೆ ಇಳಿಯುತ್ತೆ, ನಾಳೆ ಇಳಿಯುತ್ತೆ ಎಂದು ಕೂತೇ ಇರುತ್ತಿದ್ದಳು. ಅಜ್ಜಿಗೆ ಮಾತ್ರ ಅಂದೇ ಅರ್ಥವಾಗಿರಬೇಕು. ಆ ರಾತ್ರಿ ಅವಳು ಊಟಕ್ಕೆ ಏಳಲಿಲ್ಲ.

ಒಂದು ವಾರ ಕಳೆದು ಅಕ್ಕ ಎದ್ದು ಕೂತ ಮೇಲೆ ಹಿತ್ತಲಲ್ಲಿ ಮತ್ತೆ ಘಾಟು ಎದ್ದಿತು. ಈ ಸಲ ಉಂಡೆ ಚಿಕ್ಕದು, ಬೆಲ್ಲ ಹೆಚ್ಚು. ಅಜ್ಜಿ ತಾನೇ ತಂದು ಅದನ್ನು ಎರಡು ಭಾಗ ಮಾಡಿ ಒಂದನ್ನು ನನ್ನ ಕೈಗೆ ಹಾಕಿದಳು. "ಬಿಟ್ರೆ ನಿಂಗೇ ತಡೆಯಾಕಿಲ್ಲ, ತಿನ್ನು" ಎಂದಳು. ಅಕ್ಕ ನಗುತ್ತಾ ನುಂಗಿದಳು, ಮೇಲೆ ನೀರೂ ಕುಡಿದಳು. ಖಾರ ಕೇಳಿಕೊಂಡು ಜನ ಬರುವುದು ನಿಲ್ಲಲಿಲ್ಲ. ಅಜ್ಜಿ ಮೊದಲಿನ ಹಾಗೆಯೇ ಅರೆದು ಕೊಡುತ್ತಿದ್ದಳು, ಬೈಯುವುದನ್ನೂ ಬಿಡಲಿಲ್ಲ. ಆದರೆ ಎಲೆ ಕಟ್ಟಿ ಕೈಗೆ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು: "ಮೈ ಬಿಸಿಯಾದ್ರೆ ಖಾರ ನಂಬ್ಕೊಂಡು ಕೂತ್ಕಬ್ಯಾಡ್ರವ್ವ. ನಾನ್ ಕೂತು ಕೆಟ್ಟಿದ್ದೆ. ಗಾಡಿ ಕಟ್ಸಿ."

ಅಜ್ಜಿ ಹೋಗಿ ಅರವತ್ತು ವರ್ಷದ ಮೇಲಾಯಿತು. ಅಕ್ಕ ತುಂಬಿದ ಸಂಸಾರ ಮಾಡಿ, ಎಂಬತ್ತು ದಾಟಿ ಹೋದಳು. ಆ ಮಗು ಈಗ ಕೋಲು ಹಿಡಿದು ನಡೆಯುವ ಮುದುಕ, ನನ್ನನ್ನು ಚಿಕ್ಕವ್ವ ಎಂದು ಕರೆಯುತ್ತಾನೆ. ಹಿತ್ತಲಿನ ಕಲ್ಲಿನ ಮೇಲೆ ಯಾರೂ ಏನನ್ನೂ ಅರೆಯುವುದಿಲ್ಲ. ಮಗು ಹುಟ್ಟಿದ್ದು ಮೂಗಿಗೆ ತಿಳಿಯುವ ಬೀದಿ ಈಗ ಎಲ್ಲಿಯೂ ಇಲ್ಲ. ಅದಕ್ಕೆ ನನಗೆ ಅಷ್ಟೇನೂ ದುಃಖವಿಲ್ಲ. ಹೆಣ್ಣುಮಕ್ಕಳು ನೀರು ಕುಡಿಯುತ್ತಿದ್ದಾರೆ, ಎದೆ ನೋಯುತ್ತದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದಾರೆ, ಬದುಕುತ್ತಿದ್ದಾರೆ. ನನಗೆ ದುಃಖವಿರುವುದು ಬೇರೆಯದಕ್ಕೆ. ಬಂಧುಬಳಗದವರೆಲ್ಲ ನನ್ನನ್ನು ಅಜ್ಜಿಯ ಪಡಿಯಚ್ಚು ಎನ್ನುತ್ತಾರೆ, ಅವಳ ಬಾಯಿ, ಅವಳ ಕೈ, ಅವಳ ಗತ್ತು ಎಲ್ಲ ನನಗೆ ಬಂದಿದೆ ಎನ್ನುತ್ತಾರೆ. ನಾನೂ ಹೌದು ಎಂದು ನಂಬಿಕೊಂಡಿದ್ದೆ.

ಹೋದ ವರ್ಷ ಮೊಮ್ಮಗಳಿಗೆ ಹಾಸನದಲ್ಲಿ ಹೆರಿಗೆಯಾಯಿತು. ನಾನು ಖಾರ ಮಾಡಿ ಸೀಸೆಯಲ್ಲಿ ತುಂಬಿ ಕಳಿಸಿದೆ. ಡಾಕ್ಟರು ಈಗ ಬೇಡ ಎಂದರು, ಅದಕ್ಕೆ ಕೊಡಲಿಲ್ಲ ಎಂದು ಅವಳ ತಾಯಿ, ನನ್ನ ಮಗಳು ಸರೋಜ ಫೋನಿನಲ್ಲಿ ಹೇಳಿದಳು. ಎಲ್ಲ ಗೊತ್ತಿದ್ದವಳು ನಾನೇ, ಆದರೂ ಅವಳನ್ನು ಬಾಯಿಗೆ ಬಂದ ಹಾಗೆ ಬೈದೆ. ಹದಿನೈದು ದಿನ ಮಾತು ಬಿಟ್ಟೆ. ಅವಳು ಮಾಡಿದ್ದೇ ಸರಿ ಎಂದು ನನಗೆ ಎರಡನೇ ದಿನಕ್ಕೇ ತಿಳಿದಿತ್ತು. ಹದಿನಾರನೇ ದಿನ, ತಪ್ಪು ನಂದೇ ಅಂತ ಇವತ್ತು ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಫೋನು ಮಾಡಿದೆ. ಅವಳು "ಅವ್ವಾ" ಎಂದಳು. ನಾನು, "ಊಟ ಆಯ್ತೇನೇ?" ಎಂದು ಕೇಳಿ ಇಟ್ಟುಬಿಟ್ಟೆ.